ಪೈಲಟ್‌ಗೂ ನಿದ್ದೆ ಬರುತ್ತೆ

"ಸಾರ್, ಪೈಲಟ್‌ಗೆ ಸಂಬಳ ಎಷ್ಟು?" ಒಂಬತ್ತನೇ ತರಗತಿಯಲ್ಲಿ ವೇಗದ ಪಾಠ ಮಾಡುವಾಗ ಬಂದ ಪ್ರಶ್ನೆ ಇದು. ಕೇಳಿದ ಹುಡುಗನ ಊರು ಬೆಳಗೊಂಡಪಲ್ಲಿ ಕಡೆ. ಅಲ್ಲಿನ ಏರ್‌ಸ್ಟ್ರಿಪ್‌ನಲ್ಲಿ ಸಣ್ಣ ವಿಮಾನ ಇಳಿಯೋದನ್ನ ಚಿಕ್ಕಂದಿನಿಂದ ನೋಡಿದ್ದಾನೆ. ದೊಡ್ಡ ವಿಮಾನದ ಕ್ಯಾಪ್ಟನ್‌ಗೆ ತಿಂಗಳಿಗೆ ಲಕ್ಷಗಳ ಲೆಕ್ಕದಲ್ಲಿ ಬರುತ್ತೆ ಅಂದೆ. ಅರ್ಧ ತರಗತಿ ಅವತ್ತೇ ಪೈಲಟ್ ಆಗಲು ತೀರ್ಮಾನಿಸಿತು! ಆಗಲಿ, ಒಳ್ಳೆಯದೇ. ಪ್ಲಸ್ ಟೂನಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು, 200 ಗಂಟೆ ಹಾರಾಟದ ತರಬೇತಿ ಬೇಕು, ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲ ಇದೆ. ಖರ್ಚೂ ಹತ್ತಾರು ಲಕ್ಷ. ಆದರೆ ಆ ಸಂಬಳವನ್ನು ಯಾವ ಗಡಿಯಾರ ನೋಡಿ ಲೆಕ್ಕ ಹಾಕ್ತಾರೆ ಅನ್ನೋದು ನಿಮಗೆ ಗೊತ್ತಿರಬೇಕು.

ಬಹಳಷ್ಟು ಕಂಪನಿಗಳಲ್ಲಿ ಸಂಬಳದ ಒಂದು ಭಾಗ ಹಾರಾಟದ ಗಂಟೆಗಳ ಮೇಲೆ ನಿಂತಿರುತ್ತದೆ. ವಿಮಾನ ನಿಂತ ಜಾಗದಿಂದ ಅಲುಗಿದಾಗ ಆ ಗಡಿಯಾರ ಶುರು, ಇಳಿದು ನಿಲ್ದಾಣದ ಪಕ್ಕ ನಿಂತಾಗ ಬಂದ್. ಒಂದು ಗಂಟೆ ಮೊದಲೇ ಬಂದು ಹವಾಮಾನ, ಇಂಧನ ನೋಡಿಕೊಂಡ ಸಮಯ ಅದರಲ್ಲಿ ಬರುವುದಿಲ್ಲ. ಮಂಜು ಕವಿದಿದೆ ಅಂತ ಕಾದು ಕೂತ ಸಮಯವೂ ಬರುವುದಿಲ್ಲ. ಎರಡನೆಯದು ಡ್ಯೂಟಿ ಗಡಿಯಾರ. ಅದು ಪೈಲಟ್ ಹಾಜರಾತಿ ಹಾಕಿದ ಕ್ಷಣದಿಂದ ಓಡುತ್ತದೆ. ಮೂರನೆಯದು ಅವರ ತಲೆಯೊಳಗೇ ಇದೆ. ಅದಕ್ಕೆ ಯಾವ ಕಂಪನಿಯೂ ಕೀಲಿ ಕೊಡೋಕೆ ಆಗಲ್ಲ.

ಒಂದು ಲೆಕ್ಕ ಮಾಡೋಣ. ನೀವು ಪೈಲಟ್, ಮನೆ ಹೊಸೂರಲ್ಲಿ ಅಂದುಕೊಳ್ಳಿ. ದೇವನಹಳ್ಳಿಯಿಂದ ಬೆಳಿಗ್ಗೆ 6ಕ್ಕೆ ವಿಮಾನ. 5ಕ್ಕೆ ಹಾಜರಿರಬೇಕು. ಅತ್ತಿಬೆಲೆ ದಾಟಿ, ಬೆಂಗಳೂರನ್ನು ದಾಟಿ ಆ ತುದಿಗೆ ಹೋಗೋಕೆ ಎರಡು ಗಂಟೆ ಇಟ್ಟುಕೊಳ್ಳಿ. 3ಕ್ಕೆ ಹೊರಡಬೇಕು, ಎರಡೂಕಾಲಿಗೆ ಏಳಬೇಕು. ಸಂಜೆ 4ಕ್ಕೆ ಡ್ಯೂಟಿ ಮುಗಿಯಿತು. ಡ್ಯೂಟಿ ಗಡಿಯಾರ 11 ಗಂಟೆ ಅನ್ನುತ್ತದೆ. ಆದರೆ ನೀವು ಎಚ್ಚರವಾಗಿದ್ದು ಸುಮಾರು 14 ಗಂಟೆ, ಇನ್ನೂ ಮನೆ ಸೇರಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದೀರಿ. ಈ ಪ್ರಯಾಣದ ಹೊತ್ತು ಡ್ಯೂಟಿಯಲ್ಲ, ಹಾಗಂತ ವಿಶ್ರಾಂತಿಯೂ ಅಲ್ಲ. ನಮ್ಮ ಊರಿಂದ ದಿನಾ ಬೆಂಗಳೂರಿಗೆ ಹೋಗಿ ಬರುವ ಅಣ್ಣಂದಿರನ್ನು ಕೇಳಿ, ಇದು ಏನಂತ ಹೇಳ್ತಾರೆ.

ನಿದ್ದೆಯನ್ನು ನಡೆಸುವುದು ಎರಡು ವ್ಯವಸ್ಥೆ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಹೆಚ್ಚಾದಂತೆ ನಿದ್ದೆಯ ಒತ್ತಡವೂ ಹೆಚ್ಚುತ್ತದೆ. ಕಾಫಿ ಅದನ್ನು ತೆಗೆಯುವುದಿಲ್ಲ, ಅದು ಮಿದುಳಿಗೆ ತಿಳಿಯದಂತೆ ಸ್ವಲ್ಪ ಹೊತ್ತು ಅಡ್ಡ ನಿಲ್ಲುತ್ತದೆ, ಅಷ್ಟೇ. ಇನ್ನೊಂದು ಜೈವಿಕ ಗಡಿಯಾರ. ಹೈಪೋಥಲಾಮಸ್‌ನಲ್ಲಿರುವ ಒಂದು ಪುಟ್ಟ ಜೀವಕೋಶಗಳ ಗುಂಪು ಕಣ್ಣಿಗೆ ಬಿದ್ದ ಬೆಳಕಿನಿಂದ ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಬರುತ್ತದೆ. ಬೆಳಗಿನ ಜಾವ 2ರಿಂದ 6ರ ನಡುವೆ ದೇಹದ ಉಷ್ಣತೆ, ಚುರುಕು ಎರಡೂ ತೀರಾ ಕೆಳಗಿರುತ್ತವೆ. ಹಿಂದಿನ ದಿನ ಚೆನ್ನಾಗಿ ಮಲಗಿದ್ದರೂ ಈ ಇಳಿತ ತಪ್ಪುವುದಿಲ್ಲ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಎಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಹೋಲಿಕೆ ಮಾಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡ ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿಯೇ 0.03 ಶೇಕಡ. ಪೈಲಟ್‌ಗಳಂತೂ ಹಾರುವ ಮುಂಚೆ ಯಂತ್ರಕ್ಕೆ ಊದಬೇಕು, ಸ್ವಲ್ಪವೂ ಮದ್ಯ ಕಾಣಬಾರದು. ಆದರೆ ನಿದ್ದೆಗೆಟ್ಟಿದ್ದನ್ನು ಊದಿ ತೋರಿಸುವ ಯಂತ್ರ ಇಲ್ಲ.

2010ರ ಮೇ 22. ದುಬೈನಿಂದ ಮಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ಒಳಗೆ 166 ಜನ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯವರು ಅನೇಕರು. ಅಲ್ಲಿಂದ ಹೊರಟಾಗ ನಮ್ಮ ಸಮಯ ರಾತ್ರಿ ಎರಡೂವರೆ ದಾಟಿತ್ತು. ಬೆಳಿಗ್ಗೆ 6 ಗಂಟೆಯ ಸುಮಾರಿಗೆ ಬಜ್ಪೆಯಲ್ಲಿ ಇಳಿಯಬೇಕು. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಎರಡು ಗಂಟೆ ಐದು ನಿಮಿಷದ ದಾಖಲೆ ಸಿಕ್ಕಿತು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆಯ ಸದ್ದೂ ಕೇಳಿಸಿತ್ತು. ಎಚ್ಚರವಾದ ಮೇಲೆ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಮತ್ತೆ ಮೇಲೆ ಹಾರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 8,033 ಅಡಿ ಓಡುದಾರಿಯಲ್ಲಿ ಚಕ್ರ ತಾಗಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಬಜ್ಪೆಯದು ಗುಡ್ಡದ ತಲೆಯ ಮೇಲಿನ ಓಡುದಾರಿ, ಅದರಾಚೆ ಕಣಿವೆ. 158 ಜನ ಸತ್ತರು, 8 ಜನ ಉಳಿದರು.

ಇದನ್ನು ಓದಿ "ಡ್ಯೂಟಿಯಲ್ಲಿ ಮಲಗಿದನಲ್ಲ" ಅಂತ ಬೈದುಬಿಡೋದು ಸುಲಭ. ತನಿಖಾ ಸಮಿತಿ ಕ್ಯಾಪ್ಟನ್ ತಪ್ಪನ್ನು ಮುಖ್ಯ ಕಾರಣ ಎಂದೇ ಹೇಳಿತು. ಜೊತೆಗೆ ಇನ್ನೊಂದನ್ನೂ ಹೇಳಿತು, ನಿದ್ದೆಯ ಜಡತ್ವ. ಗಾಢ ನಿದ್ದೆಯಿಂದ ಎದ್ದ ಕೂಡಲೇ ಕಣ್ಣು ತೆರೆದಿರುತ್ತೆ, ಮಾತೂ ಬರುತ್ತೆ, ಆದರೆ ತೀರ್ಮಾನ ಮಾಡುವ ಮಿದುಳು ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಸ್ವಲ್ಪ ಹೊತ್ತಿನ ನಿದ್ದೆಯಿಂದ ಹೀಗಾಗುವುದು ಕಡಿಮೆ. 1990ರ ದಶಕದ ನಾಸಾ ಅಧ್ಯಯನದಲ್ಲಿ ಪೈಲಟ್‌ಗಳು ಸರದಿಯಂತೆ ಸರಾಸರಿ 26 ನಿಮಿಷ ಮಲಗಿ ಎದ್ದಾಗ ಚುರುಕು ಹೆಚ್ಚಾಗಿತ್ತು. 26 ನಿಮಿಷಕ್ಕೂ 100 ನಿಮಿಷಕ್ಕೂ ಅಷ್ಟು ವ್ಯತ್ಯಾಸ.

ಸಂಬಳ, ಪ್ರಯಾಣ, ನಿದ್ದೆ ಮೂರೂ ಒಟ್ಟಿಗೆ ಚರ್ಚೆಗೆ ಬಂದಿದ್ದು ಅಮೆರಿಕದಲ್ಲಿ. 2009ರ ಫೆಬ್ರವರಿ 12ರಂದು ಬಫಲೋ ನಗರದ ಬಳಿ ಸಣ್ಣ ಮಾರ್ಗದ ವಿಮಾನವೊಂದು ಬಿದ್ದು 50 ಜನ ಸತ್ತರು. ಸಹಪೈಲಟ್ ಹಿಂದಿನ ರಾತ್ರಿ ದೇಶದ ಆ ತುದಿಯ ಸಿಯಾಟಲ್‌ನಿಂದ ವಿಮಾನ ಬದಲಿಸುತ್ತಾ ಕೆಲಸದ ಊರಿಗೆ ಬಂದಿದ್ದರು. ಕೆಲಸದ ಊರಲ್ಲಿ ಮನೆ ಮಾಡುವಷ್ಟು ಸಂಬಳ ಅಂಥ ಕಂಪನಿಗಳ ಹೊಸಬರಿಗೆ ಇಲ್ಲ ಎನ್ನುವುದು ವಿಚಾರಣೆಯಲ್ಲಿ ದೊಡ್ಡ ಮಾತಾಯಿತು. ದಣಿವಿನ ಪಾಲು ಇಷ್ಟೇ ಎಂದು ತನಿಖೆಗೆ ಅಳೆಯಲಾಗಲಿಲ್ಲ, ಮುಖ್ಯ ಕಾರಣ ಬೇರೆಯೇ ಇತ್ತು. ಆದರೂ ಅಲ್ಲಿನ ವಿಶ್ರಾಂತಿ ನಿಯಮ ಬದಲಾಯಿತು.

ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ಹೊಸ ನಿಯಮ ಹೊರಡಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. "ರಾತ್ರಿ" ಎಂದರೆ 12ರಿಂದ 5 ಅಲ್ಲ, 12ರಿಂದ 6. ರಾತ್ರಿ ಪಾಳಿಯಲ್ಲಿ 6 ಸಲ ಇಳಿಸಬಹುದಿತ್ತು, ಅದು 2ಕ್ಕೆ ಇಳಿಯಿತು. ನೋಡಿ, ಮೂರನೇ ಗಡಿಯಾರವನ್ನು ಕೊನೆಗೂ ಕಾಗದದ ಮೇಲೆ ಬರೆದರು. ಕಂಪನಿಗಳ ಆಕ್ಷೇಪದಿಂದ ಅದು ಪೂರ್ತಿ ಜಾರಿಗೆ ಬಂದಿದ್ದು 2025ರ ನವೆಂಬರ್ 1ಕ್ಕೆ. ಡಿಸೆಂಬರ್ ಮೊದಲ ವಾರದಲ್ಲೇ ಇಂಡಿಗೋದ ಸಾವಿರಾರು ಹಾರಾಟ ರದ್ದಾದವು, ಬೆಂಗಳೂರಲ್ಲೂ ಜನ ಸೂಟ್‌ಕೇಸ್ ಮೇಲೆ ಕೂತು ಕಾದರು. ಹೊಸ ಲೆಕ್ಕಕ್ಕೆ ಪೈಲಟ್‌ಗಳು ಸಾಲಲಿಲ್ಲ. ಸರ್ಕಾರ ಆ ಕಂಪನಿಗೆ ರಾತ್ರಿ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ವಿನಾಯಿತಿ ಸಿಕ್ಕಿದ್ದು ವೇಳಾಪಟ್ಟಿಗೆ. ಹೈಪೋಥಲಾಮಸ್‌ಗೆ ಯಾರು ಕೊಡ್ತಾರೆ?

ನಿಮ್ಮ ಮನೆಯಲ್ಲೂ ಸಿಪ್‌ಕಾಟ್‌ನ ರಾತ್ರಿ ಪಾಳಿಗೆ ಹೋಗುವವರು ಇರಬಹುದು. ಒಂದು ಪ್ರಯೋಗ ಮಾಡಿ. 30 ಸೆಂ.ಮೀ. ಅಳತೆಪಟ್ಟಿಯನ್ನು ನೀವು ಮೇಲಿನಿಂದ ಹಿಡಿಯಿರಿ, ಸೊನ್ನೆಯ ಗುರುತಿನ ಹತ್ತಿರ ಅವರು ಬೆರಳು ಅಗಲಿಸಿ ಇಟ್ಟುಕೊಳ್ಳಲಿ. ಹೇಳದೆ ಬಿಡಿ, ಅವರು ಹಿಡಿಯಲಿ. 15 ಸೆಂ.ಮೀ.ಗೆ ಸಿಕ್ಕಿದರೆ ಸುಮಾರು 0.17 ಸೆಕೆಂಡು, 20ಕ್ಕೆ 0.20, 30ಕ್ಕೆ 0.25. ಪಾಳಿ ಮುಗಿಸಿ ಬಂದ ಕೂಡಲೇ ಐದು ಸಲ, ಮಲಗಿ ಎದ್ದ ತಕ್ಷಣ ಐದು ಸಲ, ಎದ್ದು ಒಂದು ಗಂಟೆ ಆದ ಮೇಲೆ ಐದು ಸಲ. ನಿಮ್ಮದನ್ನೂ ಅಳೆಯಿರಿ, ಪರೀಕ್ಷೆ ಹಿಂದಿನ ರಾತ್ರಿ ಓದಿ ಎದ್ದ ಬೆಳಿಗ್ಗೆ. ಅಂಕಿಗಳನ್ನು ಬರೆದು ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ, ತರಗತಿಯಲ್ಲಿ ಗ್ರಾಫ್ ಹಾಕೋಣ.