ಅಡಿಲೇಡ್‌ನಲ್ಲಿ ಹುಟ್ಟಿದ ಪಿಂಕ್ ಫ್ಲಾಯ್ಡ್

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ನಾಲ್ವರು ಒಟ್ಟಾಗಿ ನುಡಿಸಿದ ಕೊನೆಯ ದಿನ 2005ರ ಜುಲೈ 2. ಅಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ‘ಲೈವ್ 8’ ಕಾರ್ಯಕ್ರಮ. ಮೂರು ವರ್ಷಗಳ ನಂತರ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ತೀರಿಕೊಂಡರು. ಅಲ್ಲಿಗೆ ಆ ತಂಡದ ವೇದಿಕೆ ಮುಗಿಯಿತು. ಆದರೆ ಅದರ ಸಂಗೀತವನ್ನು ಸಭಾಂಗಣದಲ್ಲಿ ಕೂತು ಕೇಳುವ ಸುಖ ಮುಗಿದಿಲ್ಲ. ಆ ಸುಖವನ್ನು ಕಾಪಾಡಿಕೊಂಡು ಬಂದವರಲ್ಲಿ ಮುಂಚೂಣಿಯಲ್ಲಿರುವುದು ‘ದಿ ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ಶೋ’ ಎಂಬ ಟ್ರಿಬ್ಯೂಟ್ ಬ್ಯಾಂಡ್.

ಕವರ್ ಬ್ಯಾಂಡ್ ಹತ್ತು ತಂಡಗಳ ಹಾಡುಗಳನ್ನು ಹಾಡುತ್ತದೆ. ಟ್ರಿಬ್ಯೂಟ್ ಬ್ಯಾಂಡ್ ಒಂದೇ ತಂಡಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ಬೇರೂರಲು ಕಾರಣವಿತ್ತು. ಲಂಡನ್ನಿನಿಂದ ಅಷ್ಟು ದೂರದ ನೆಲಕ್ಕೆ ದೊಡ್ಡ ತಂಡಗಳು ಬರುತ್ತಿದ್ದುದೇ ಅಪರೂಪ. ಪಿಂಕ್ ಫ್ಲಾಯ್ಡ್ 1971ರಲ್ಲಿ ಒಮ್ಮೆ ಹೋಗಿ, ಮತ್ತೆ ಹೋಗಿದ್ದು 1988ರಲ್ಲಿ. ಅದೇ 1988ರಲ್ಲಿ ಅಡಿಲೇಡ್‌ನಲ್ಲಿ ಈ ಟ್ರಿಬ್ಯೂಟ್ ತಂಡ ಹುಟ್ಟಿತು. ಅಬ್ಬಾ ತಂಡದ ಹಾಡುಗಳಿಗೆ ಮೀಸಲಾದ ‘ಬಿಯೋರ್ನ್ ಅಗೇನ್’ ಮೆಲ್ಬರ್ನ್‌ನಲ್ಲಿ ಶುರುವಾಗಿದ್ದೂ ಅದೇ ವರ್ಷ.

ನಮ್ಮ ಊರಹಬ್ಬದ ಆರ್ಕೆಸ್ಟ್ರಾಗಳಲ್ಲಿ ‘ಜೂನಿಯರ್ ವಿಷ್ಣುವರ್ಧನ್’ ಬಂದು ಕೈಕಡಗ ತಿರುಗಿಸಿದರೆ ಶಿಳ್ಳೆ ಬೀಳುತ್ತದೆ. ಲಂಡನ್ನಿನ ‘ಬೂಟ್‌ಲೆಗ್ ಬೀಟಲ್ಸ್’ ಕೂಡ ವೇಷ ಕಟ್ಟಿಯೇ ಹಾಡುತ್ತದೆ. ಅಡಿಲೇಡಿನ ತಂಡಕ್ಕೆ ವೇಷ ಬೇಕಿಲ್ಲ. ಪಿಂಕ್ ಫ್ಲಾಯ್ಡ್‌ನವರೇ ಮುಖ ಮರೆಸಿಕೊಂಡು ಬೆಳಕಿನ ಹಿಂದೆ ನಿಂತವರು. ಹಾಗಾಗಿ ಇಲ್ಲಿ ಕಾಣುವುದು ಅವರ ದುಂಡನೆಯ ಪರದೆ, ಲೇಸರ್ ಕಿರಣ, ಜೊತೆಗೆ ಗಾಳಿ ತುಂಬಿದ ದೈತ್ಯ ಗುಲಾಬಿ ಕಾಂಗರೂ. ಉಳಿದ ಶ್ರಮವೆಲ್ಲ ನಾದಕ್ಕೆ.

ಆ ಶ್ರಮ ಎಂಥದ್ದೆಂದು ತಿಳಿಯಲು 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ಎರಡು ಹಾಡು ಸಾಕು. ‘ಮನಿ’ ಹಾಡು ನಾಣ್ಯಗಳ ಸದ್ದಿನೊಂದಿಗೆ ಏಳು ಎಣಿಕೆಯ ಲಯದಲ್ಲಿ ಸಾಗುತ್ತದೆ. ಸ್ಯಾಕ್ಸೋಫೋನ್ ಸರದಿಯಲ್ಲೂ ಅದೇ ಏಳು. ಗಿಟಾರ್ ಸರದಿ ಬಂದಾಗ ಲಯ ಒಮ್ಮೆಲೇ ನಾಲ್ಕಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಡ್ರಮ್ ಮತ್ತು ಬೇಸ್ ಕೂದಲೆಳೆಯಷ್ಟು ತಪ್ಪಿದರೂ ಸಭೆಗೆ ಗೊತ್ತಾಗುತ್ತದೆ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಗಾಯಕಿಗೆ ಸಾಹಿತ್ಯವೇ ಇಲ್ಲ. ಆಬಿ ರೋಡ್ ಸ್ಟುಡಿಯೋದಲ್ಲಿ ಕ್ಲೇರ್ ಟೋರಿ ಮನೋಧರ್ಮದಿಂದ ಹಾಡಿದ ಆಲಾಪ ಅದು. ಅಂದು ಕ್ಷಣದಲ್ಲಿ ಹೊಮ್ಮಿದ್ದನ್ನು ಇಂದಿನ ಗಾಯಕಿ ಸ್ವರಸ್ವರ ಕಲಿತು, ಈಗಷ್ಟೇ ಹುಟ್ಟಿತೆಂಬಂತೆ ಹಾಡಬೇಕು. ಇದನ್ನು ಬರೀ ಅನುಕರಣೆ ಎಂದು ತಳ್ಳಿಹಾಕುವುದು ಅನ್ಯಾಯ. ಸಾವಿರಾರು ಜನ ಮನಸ್ಸಿನಲ್ಲೇ ಹಾಡಿಕೊಂಡು ಬಂದಿರುವಾಗ ಅವರೆದುರು ನುಡಿಸುವುದಕ್ಕೆ ದೊಡ್ಡ ಸಾಧನೆ ಬೇಕು.

ಮೂಲ ತಂಡದವರೂ ಈ ಶ್ರಮವನ್ನು ಗೌರವಿಸಿದ್ದಾರೆ. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 1996ರ ತಮ್ಮ 50ನೇ ಹುಟ್ಟುಹಬ್ಬಕ್ಕೆ ಕರೆಸಿಕೊಂಡಿದ್ದು ಇದೇ ತಂಡವನ್ನು. ಬೇರೆ ತಂಡಗಳಲ್ಲಂತೂ ಶಿಷ್ಯರೇ ಗುರುವಿನ ಪೀಠ ಏರಿದ್ದಾರೆ. ಜೂಡಸ್ ಪ್ರೀಸ್ಟ್ ಹಾಡುಗಳನ್ನು ಟ್ರಿಬ್ಯೂಟ್ ಬ್ಯಾಂಡಿನಲ್ಲಿ ಹಾಡುತ್ತಿದ್ದ ಟಿಮ್ ಓವೆನ್ಸ್ 1996ರಲ್ಲಿ ಅದೇ ತಂಡದ ಗಾಯಕರಾದರು. ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೇಡಾ ಕವರ್ ಬ್ಯಾಂಡಿನಿಂದ 2007ರಲ್ಲಿ ‘ಜರ್ನಿ’ ತಂಡಕ್ಕೆ ಬಂದರು.

ಪಿಂಕ್ ಫ್ಲಾಯ್ಡ್ ಇಡಿಯಾಗಿ ಬೆಂಗಳೂರಿಗೆ ಬರಲಿಲ್ಲ. ತಂಡ ಬಿಟ್ಟಿದ್ದ ರೋಜರ್ ವಾಟರ್ಸ್ 2002ರಲ್ಲಿ ಬಂದು ಅರಮನೆ ಮೈದಾನದಲ್ಲಿ ಹಾಡಿದರು. ಅಂದು ಅಲ್ಲಿದ್ದವರು ಪುಣ್ಯವಂತರು. ತಪ್ಪಿಸಿಕೊಂಡವರು, ಆಮೇಲೆ ಹುಟ್ಟಿದವರು ಟ್ರಿಬ್ಯೂಟ್ ಎಂಬ ಹೆಸರು ಕಂಡು ಮೂಗು ಮುರಿಯಬೇಡಿ. ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ಶೋ ಹೆಚ್ಚಾಗಿ ಸಂಚರಿಸುವ ಬ್ರಿಟನ್, ಯುರೋಪುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಅವಕಾಶ ಹತ್ತಿರದಲ್ಲೇ ಇದೆ. ಹೊರಡುವ ಮುನ್ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮನ್ನು ಒಮ್ಮೆ ಪೂರ್ತಿ ಕೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಈ ಸಂಗೀತ ಮುಂದಿನ ತಲೆಮಾರಿಗೆ ಧ್ವನಿಮುದ್ರಣದಿಂದ ಮಾತ್ರವಲ್ಲ, ಎದುರು ನಿಂತು ನುಡಿಸುವವರಿಂದಲೂ ದಾಟಬೇಕು.