ಹಳೆಯ ಕಾರುಗಳಲ್ಲಿ ಎಂಜಿನ್ ನಿಲುಗಡೆ

ಹಳೆಯ ಕಾರುಗಳಲ್ಲಿ ಎಂಜಿನ್ ನಿಲುಗಡೆ ಎಂದರೆ ಕಾರ್ಬ್ಯುರೇಟರ್ ಅಳವಡಿಸಿದ ಪೆಟ್ರೋಲ್ ಕಾರಿನ ಎಂಜಿನ್ ಚಾಲಕನು ಆರಿಸದೆಯೇ ತಾನಾಗಿ ನಿಂತುಹೋಗುವ ದೋಷ. ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರುಗಳಲ್ಲಿ ದೀರ್ಘಕಾಲ ಕಾರ್ಬ್ಯುರೇಟರ್ ಬಳಕೆಯಲ್ಲಿತ್ತು. 2000ದ ಸುಮಾರಿಗೆ ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಾಗ ಅದರ ಸ್ಥಾನವನ್ನು ವಿದ್ಯುನ್ಮಾನ ಇಂಧನ ಇಂಜೆಕ್ಷನ್ ಪಡೆಯಿತು.

ಎಂಜಿನ್ ನಿಂತೊಡನೆ ಕಾರ್ಬ್ಯುರೇಟರನ್ನು ಬಿಚ್ಚುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಎಂಜಿನ್ ಯಾವ ಸಂದರ್ಭದಲ್ಲಿ, ಯಾವ ರೀತಿಯಲ್ಲಿ ನಿಂತಿತು ಎಂಬುದೇ ದೋಷವಿರುವ ಸ್ಥಳವನ್ನು ಬಹುಮಟ್ಟಿಗೆ ಸೂಚಿಸುತ್ತದೆ.

ಇಂಧನದ ಹಾದಿ

ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಎಂಜಿನ್ನಿನ ಕ್ಯಾಮ್‌ಶಾಫ್ಟಿನಿಂದ ಚಲಿಸುವ ಯಾಂತ್ರಿಕ ಪಂಪು ಪೈಪು ಮತ್ತು ಫಿಲ್ಟರ್‌ಗಳ ಮೂಲಕ ಎಳೆದು ಕಾರ್ಬ್ಯುರೇಟರಿಗೆ ಒದಗಿಸುತ್ತದೆ. ಅಲ್ಲಿನ ಚಿಕ್ಕ ತೊಟ್ಟಿಯಲ್ಲಿ ತೇಲುವ ಫ್ಲೋಟ್, ಸೂಜಿಯಾಕಾರದ ಕವಾಟವನ್ನು ತೆರೆದು ಮುಚ್ಚುತ್ತ ಪೆಟ್ರೋಲಿನ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ರಭಸಕ್ಕೆ ಈ ಪೆಟ್ರೋಲು ಜೆಟ್ ಎಂಬ ಸೂಕ್ಷ್ಮ ರಂಧ್ರಗಳ ಮೂಲಕ ಹೊರಬಂದು ಗಾಳಿಯೊಡನೆ ಬೆರೆಯುತ್ತದೆ. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಈ ಪ್ರಮಾಣ ಬಹಳ ಏರುಪೇರಾದರೆ ದಹನ ನಡೆಯದೆ ಎಂಜಿನ್ ನಿಲ್ಲುತ್ತದೆ.

ಲಕ್ಷಣಗಳು ಮತ್ತು ಕಾರಣಗಳು

ಮುಂಜಾನೆಯ ತಂಪಿನಲ್ಲಿ ಹೊರಟೊಡನೆ ನಿಲ್ಲುವ ಎಂಜಿನ್ನಿನಲ್ಲಿ ಚೋಕ್ ಸರಿಯಾಗಿ ಮುಚ್ಚುತ್ತಿಲ್ಲದಿರಬಹುದು. ವೇಗದಲ್ಲಿ ಚೆನ್ನಾಗಿ ಓಡಿ, ಸಿಗ್ನಲ್ಲಿನಲ್ಲಿ ಕಾಲು ತೆಗೆದೊಡನೆ ನಿಂತರೆ ಐಡ್ಲಿಂಗ್ ಜೆಟ್ಟಿನಲ್ಲಿ ಕಸ ಸಿಲುಕಿರುವ, ಇಲ್ಲವೇ ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಿಂದ ಹೊರಗಿನ ಗಾಳಿ ಒಳಸೇರುತ್ತಿರುವ ಸಾಧ್ಯತೆಯಿದೆ. ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಮಾತ್ರ ಎಂಜಿನ್ ತಡವರಿಸಿದರೆ, ಆ ಕ್ಷಣಕ್ಕೆ ಹೆಚ್ಚುವರಿ ಪೆಟ್ರೋಲು ಚಿಮ್ಮಿಸಬೇಕಾದ ಕಾರ್ಬ್ಯುರೇಟರಿನ ಪುಟ್ಟ ಪಂಪಿನ ಮೇಲೆ ಸಂಶಯ ಮೂಡುತ್ತದೆ. ಕಪ್ಪು ಹೊಗೆ ಮತ್ತು ಪೆಟ್ರೋಲಿನ ದಟ್ಟ ವಾಸನೆ ಫ್ಲೋಟ್ ತೂತಾಗಿರುವುದನ್ನು ಅಥವಾ ಸೂಜಿ ಕವಾಟ ಮುಚ್ಚದಿರುವುದನ್ನು ಸೂಚಿಸಬಹುದು.

ಏರುದಾರಿಯಲ್ಲಿ ಅಥವಾ ಹೆಚ್ಚು ವೇಗದಲ್ಲಿ ಎಂಜಿನ್ ಕೆಮ್ಮುತ್ತ ನಿಂತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಹೊರಟರೆ ಅದು ಪೆಟ್ರೋಲ್ ಸಾಲದಿರುವುದರ ಲಕ್ಷಣ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರವಿರುವ ಕಾರುಗಳಲ್ಲಿ ಅದು ಕಟ್ಟಿಕೊಂಡರೂ ಹೀಗಾಗುತ್ತದೆ. ಖರ್ಚಾದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರದೆ ಟ್ಯಾಂಕಿನೊಳಗೆ ಒತ್ತಡ ಕುಸಿಯುತ್ತದೆ. ಪಂಪು ಎಳೆಯಲಾರದೆ ಸೋಲುತ್ತದೆ. ಮುಚ್ಚಳ ಸಡಿಲಿಸಿದಾಗ ಗಾಳಿ ಒಳನುಗ್ಗುವ ಸದ್ದು ಕೇಳಿ, ಆಮೇಲೆ ಎಂಜಿನ್ ಸರಾಗವಾಗಿ ಓಡಿದರೆ ಕಾರಣ ದೊರೆತಂತೆ.

ಬೇಸಿಗೆಯಲ್ಲಿ ಘಟ್ಟದ ರಸ್ತೆಯನ್ನು ಕೆಳ ಗೇರಿನಲ್ಲಿ ಹತ್ತುವಾಗ ಗಾಳಿ ಕಡಿಮೆಯಾಗಿ ಬಾನೆಟ್ಟಿನೊಳಗೆ ಬಿಸಿ ಏರುತ್ತದೆ. ಆಗ ಪೈಪು ಅಥವಾ ಪಂಪಿನಲ್ಲಿರುವ ಪೆಟ್ರೋಲು ಆವಿಯಾಗಿ ಹರಿವು ಕಡಿಯುವುದನ್ನು ವೇಪರ್ ಲಾಕ್ ಎನ್ನುತ್ತಾರೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ತಣಿಸುವುದು ಚಾಲಕರಲ್ಲಿ ರೂಢಿಯಲ್ಲಿದ್ದ ಉಪಾಯ.

ಕಿಡಿಯ ದೋಷದೊಂದಿಗೆ ಗೊಂದಲ

ಇಂಧನದ ಕೊರತೆಯಿಂದ ನಿಲ್ಲುವ ಎಂಜಿನ್ ಸಾಮಾನ್ಯವಾಗಿ ಬಲಗುಂದುತ್ತ, ತಡವರಿಸುತ್ತ ನಿಲ್ಲುತ್ತದೆ. ಕೀಲಿ ತಿರುಗಿಸಿದಂತೆ ಥಟ್ಟನೆ ನಿಂತರೆ ಇಗ್ನಿಷನ್ ಕಾಯಿಲ್, ಕಂಡೆನ್ಸರ್ ಅಥವಾ ತಂತಿಗಳನ್ನು ಮೊದಲು ನೋಡಬೇಕಾಗುತ್ತದೆ. ದುರ್ಬಲ ಕಾಯಿಲ್ ಸಹ ಬಿಸಿಯಾದಾಗ ಕೈಕೊಟ್ಟು ತಣಿದಾಗ ಚೇತರಿಸಿಕೊಳ್ಳುವುದರಿಂದ ಅದನ್ನು ವೇಪರ್ ಲಾಕ್ ಎಂದು ಭಾವಿಸುವುದುಂಟು. ಎಂಜಿನ್ ನಿಂತ ಕೂಡಲೇ, ತಣಿಯುವ ಮೊದಲೇ, ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ಎಂದು ನೋಡಿದರೆ ಈ ಗೊಂದಲ ಬಗೆಹರಿಯುತ್ತದೆ. ಪೆಟ್ರೋಲು ಚೆಲ್ಲಿರುವಲ್ಲಿ ಈ ಪರೀಕ್ಷೆ ಸಲ್ಲದು.

ಪರೀಕ್ಷೆ ಮತ್ತು ದುರಸ್ತಿ

ಸರಳವಾದುದರಿಂದ ಆರಂಭಿಸಿ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಕ್ರಮವಾಗಿ ಸಾಗುವುದು ಸೂಕ್ತ. ಹಳೆಯ ಕಾರುಗಳ ಮಾಪಕ ತಪ್ಪು ತೋರಿಸಬಹುದಾದ್ದರಿಂದ ಟ್ಯಾಂಕಿನಲ್ಲಿ ಪೆಟ್ರೋಲು ನಿಜವಾಗಿ ಇದೆಯೇ ಎಂಬುದೇ ಮೊದಲ ಪ್ರಶ್ನೆ. ಬಳಿಕ ಮುಚ್ಚಳ, ಫಿಲ್ಟರ್ ಹಾಗೂ ರಬ್ಬರ್ ಪೈಪುಗಳನ್ನು ನೋಡಲಾಗುತ್ತದೆ. ಪಂಪಿಗಿಂತ ಹಿಂದಿನ ಪೈಪಿನಲ್ಲಿ ಬಿರುಕಿದ್ದರೆ ಪೆಟ್ರೋಲು ಸೋರದೆಯೂ ಗಾಳಿ ಒಳಸೇರಬಹುದು.

ಪಂಪಿನ ಪರೀಕ್ಷೆಗೆ ಎಂಜಿನ್ ತಣಿದಿರಬೇಕು. ಕಿಡಿ ಹಾರದಂತೆ ಕಾಯಿಲಿಗೆ ವಿದ್ಯುತ್ ಒದಗಿಸುವ ತಂತಿಯನ್ನು ಕಳಚಿ, ಕಾರ್ಬ್ಯುರೇಟರಿಗೆ ಬರುವ ಪೈಪಿನ ತುದಿಯನ್ನು ಒಂದು ಡಬ್ಬಿಗೆ ಬಿಟ್ಟು ಸ್ಟಾರ್ಟರನ್ನು ತಿರುಗಿಸಬೇಕು. ಪೆಟ್ರೋಲು ಬಿಟ್ಟು ಬಿಟ್ಟು ರಭಸದಿಂದ ಬಂದರೆ ಪಂಪು ಸರಿಯಿದೆ. ಪಂಪಿನ ಡಯಾಫ್ರಮ್ ಹರಿದಿದ್ದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಸೇರಬಹುದು. ಆಯಿಲಿನ ಮಟ್ಟ ಏರಿ, ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲಿನ ವಾಸನೆ ಬರುತ್ತದೆ. ತೆಳುವಾದ ಆಯಿಲು ಬೇರಿಂಗುಗಳನ್ನು ಕೆಡಿಸುವುದರಿಂದ ಪಂಪಿನೊಡನೆ ಆಯಿಲನ್ನೂ ಬದಲಿಸಬೇಕು.

ಇವೆಲ್ಲ ಸರಿಯಿದ್ದರೆ ಮಾತ್ರ ಕಾರ್ಬ್ಯುರೇಟರನ್ನು ಬಿಚ್ಚಬೇಕಾಗುತ್ತದೆ. ಜೆಟ್ಟುಗಳು ಮೆದುವಾದ ಹಿತ್ತಾಳೆಯವು. ತಂತಿ ತೂರಿಸಿದರೆ ರಂಧ್ರ ಹಿಗ್ಗಿ ಮಿಶ್ರಣದ ಪ್ರಮಾಣ ಶಾಶ್ವತವಾಗಿ ಕೆಡುತ್ತದೆ. ಅವುಗಳನ್ನು ದ್ರಾವಕದಲ್ಲಿ ತೊಳೆದು ಗಾಳಿ ಊದಿ ಶುಚಿಗೊಳಿಸಲಾಗುತ್ತದೆ. ಟ್ಯಾಂಕಿನಲ್ಲೇ ತುಕ್ಕು ಇದ್ದರೆ ಜೆಟ್ಟುಗಳು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಕಸದ ಮೂಲವನ್ನು ನಿವಾರಿಸದ ದುರಸ್ತಿ ಬಾಳುವುದಿಲ್ಲ.

ಎಥನಾಲ್ ಬೆರೆತ ಪೆಟ್ರೋಲು

ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ನರೇಂದ್ರ ಮೋದಿ ಅವರು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಎಥನಾಲ್ ಉರಿಯಲು ತೂಕದಲ್ಲಿ ಸುಮಾರು 9 ಪಟ್ಟು ಗಾಳಿ ಸಾಕು. ಆದ್ದರಿಂದ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್ಟುಗಳಲ್ಲಿ ಇಂಥ ಮಿಶ್ರಣವು ಇಂಧನದ ಅಂಶ ಕಡಿಮೆಯಾದಂತೆ ವರ್ತಿಸುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಅದರೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್ಮುಗಳನ್ನೂ ಅದು ಕೆಡಿಸಬಲ್ಲದು. ಎಥನಾಲ್ ತಾಳಿಕೊಳ್ಳುವ ಪೈಪುಗಳನ್ನು ಅಳವಡಿಸುವುದು ಹಾಗೂ ತಿಂಗಳುಗಟ್ಟಲೆ ನಿಂತ ಕಾರಿನ ಹಳೆಯ ಪೆಟ್ರೋಲನ್ನು ಹೊರತೆಗೆಯುವುದು ಇದಕ್ಕೆ ಪರಿಹಾರ.

ಮುನ್ನೆಚ್ಚರಿಕೆ

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಹುದು. ದುರಸ್ತಿಯನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಪೆಟ್ರೋಲನ್ನು ಬಾಯಿಯಿಂದ ಹೀರಿ ಪೈಪು ತುಂಬಿಸುವ ರೂಢಿ ಅಪಾಯಕಾರಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು ತರಬಹುದು. ಎಂಜಿನ್ನಿನ ನಿರ್ವಾತದ ನೆರವಿನಿಂದ ಕೆಲಸ ಮಾಡುವ ಬ್ರೇಕುಗಳಿರುವ ಕಾರಿನಲ್ಲಿ, ಎಂಜಿನ್ ನಿಂತ ಬಳಿಕ ಒಂದೆರಡು ಬಾರಿ ಒತ್ತಿದೊಡನೆ ಪೆಡಲು ಗಡುಸಾಗುತ್ತದೆ. ಪದೇ ಪದೇ ನಿಲ್ಲುವ ಕಾರನ್ನು ದೋಷ ಪತ್ತೆಯಾಗುವವರೆಗೆ ಘಟ್ಟದ ಹಾದಿಯಲ್ಲಿಯೂ ದಟ್ಟ ಸಂಚಾರದಲ್ಲಿಯೂ ಓಡಿಸದಿರುವುದು ಕ್ಷೇಮ.