ಮರೆಯುವ ಯಂತ್ರಕ್ಕೆ ಕಲಿಸುವ ಬಗೆ

ಕಾಲೇಜಿನ ಪ್ರಯೋಗಶಾಲೆಯಲ್ಲಾಗಲಿ, ಸಾರ್ವಜನಿಕ ಗ್ರಂಥಾಲಯದಲ್ಲಾಗಲಿ, ಹಲವರು ಬಳಸುವ ಗಣಕಯಂತ್ರದ ಮುಂದೆ ಕುಳಿತವರಿಗೆ ಒಂದು ವಿಚಿತ್ರ ಸಂಗತಿಯು ಅನುಭವಕ್ಕೆ ಬಂದಿರಬಹುದು. ನಿನ್ನೆ ಶ್ರಮಪಟ್ಟು ಬರೆದು ಉಳಿಸಿಟ್ಟ ಕಡತವು ಇಂದು ನೋಡಿದರೆ ಇರುವುದಿಲ್ಲ. ಪರದೆಯ ಮೇಲೆ ಯಾರೋ ಇರಿಸಿದ್ದ ಚಲನಚಿತ್ರ ನಟನ ಭಾವಚಿತ್ರವೂ ಮಾಯವಾಗಿ, ಮೊದಲಿದ್ದ ಚಿತ್ರವೇ ಮತ್ತೆ ಕಾಣಿಸಿಕೊಂಡಿರುತ್ತದೆ. ಇದು ಯಾರೂ ಕುಳಿತು ಅಳಿಸಿದುದಲ್ಲ. ಯಂತ್ರವೇ ಎಲ್ಲವನ್ನೂ ಮರೆತಿದೆ. ಮರೆಯುವಂತೆ ಅದನ್ನು ಏರ್ಪಡಿಸಲಾಗಿದೆ.

ಹೀಗೆ ಏರ್ಪಡಿಸುವುದಕ್ಕೆ ಕಾರಣವುಂಟು. ಇಂತಹ ಯಂತ್ರವೊಂದನ್ನು ದಿನಕ್ಕೆ ಹತ್ತಾರು ಮಂದಿ ಬಳಸುತ್ತಾರೆ. ಒಬ್ಬನು ಆಟವೊಂದನ್ನು ತಂದು ತುಂಬುತ್ತಾನೆ. ಇನ್ನೊಬ್ಬನ ಪೆನ್‌ಡ್ರೈವಿನೊಡನೆ ವೈರಸ್ ಒಳಸೇರುತ್ತದೆ. ಮತ್ತೊಬ್ಬನು ಅಕ್ಷರಗಳ ಗಾತ್ರವನ್ನೇ ಬದಲಾಯಿಸಿ ಎದ್ದುಹೋಗುತ್ತಾನೆ. ಮೂವತ್ತು ಯಂತ್ರಗಳನ್ನು ನೋಡಿಕೊಳ್ಳುವ ಒಬ್ಬ ಸಹಾಯಕನು ಇದೆಲ್ಲವನ್ನೂ ಪ್ರತಿದಿನ ಸರಿಪಡಿಸುತ್ತ ಕೂರುವುದು ಸಾಧ್ಯವಿಲ್ಲ. ಆದುದರಿಂದ, ಪುನರಾರಂಭಿಸಿದೊಡನೆ ಯಂತ್ರವು ಪೂರ್ವಸ್ಥಿತಿಗೆ ಮರಳುವಂತೆ ಮಾಡುವ ತಂತ್ರಾಂಶಗಳು ಹುಟ್ಟಿದುವು. ಕೆನಡಾದ ವ್ಯಾಂಕೂವರಿನ ಫ್ಯಾರೋನಿಕ್ಸ್ ಸಂಸ್ಥೆಯ ‘ಡೀಪ್ ಫ್ರೀಜ್’ ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಹೊರೈಜನ್ ಡೇಟಾಸಿಸ್ ಸಂಸ್ಥೆಯ ‘ರೀಬೂಟ್ ರಿಸ್ಟೋರ್ ಆರ್‌ಎಕ್ಸ್’ ಇನ್ನೊಂದು. ಮೈಕ್ರೋಸಾಫ್ಟ್ ಸಂಸ್ಥೆಯೂ 2007ರಲ್ಲಿ ‘ಸ್ಟೆಡಿಸ್ಟೇಟ್’ ಎಂಬುದನ್ನು ಉಚಿತವಾಗಿ ಹಂಚಿತು. 2010ರ ಕೊನೆಗೆ ಅದನ್ನು ಹಿಂತೆಗೆದುಕೊಂಡಿತು. ಆ ಹೆಸರನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಮೆಚ್ಚಬೇಕು. ಒಂದು ತುದಿಯನ್ನು ಕಾಯಿಸುತ್ತಿರುವ ಕಬ್ಬಿಣದ ಸರಳಿನಲ್ಲಿ ಉಷ್ಣವು ಎಡೆಬಿಡದೆ ಹರಿಯುತ್ತಿದ್ದರೂ, ಸ್ಥಿರಸ್ಥಿತಿಯನ್ನು ತಲುಪಿದ ಮೇಲೆ ಯಾವ ಬಿಂದುವಿನ ಉಷ್ಣತೆಯೂ ಬದಲಾಗುವುದಿಲ್ಲವಷ್ಟೆ. ಇಲ್ಲಿಯೂ ಜನರು ಹರಿದುಹೋಗುತ್ತಾರೆ, ಯಂತ್ರವು ಇದ್ದಂತೆಯೇ ಇರುತ್ತದೆ.

ಈ ಮರೆವು ನಡೆಯುವ ಬಗೆ ಸರಳವಾದುದು. ಡಿಸ್ಕಿನ ಮೇಲಿನ ಸ್ಥಳವು ಸೆಕ್ಟರುಗಳೆಂಬ ಪುಟ್ಟ ಮನೆಗಳಾಗಿ ವಿಂಗಡವಾಗಿರುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು ಮನೆಗೆ 512 ಬೈಟುಗಳು, ಈಚಿನ ಅನೇಕ ಡಿಸ್ಕುಗಳಲ್ಲಿ 4096. ಪೂರ್ವಸ್ಥಿತಿಯ ತಂತ್ರಾಂಶವು ವಿಂಡೋಸ್ ಮತ್ತು ಡಿಸ್ಕಿನ ನಡುವೆ ದ್ವಾರಪಾಲಕನಂತೆ ನಿಲ್ಲುತ್ತದೆ. 5,000ನೆಯ ಮನೆಯಲ್ಲಿ ಏನನ್ನೋ ಬರೆಯಬೇಕೆಂದು ವಿಂಡೋಸ್ ಹೇಳಿತೆನ್ನೋಣ. ದ್ವಾರಪಾಲಕನು ಆ ಮನೆಯನ್ನು ಮುಟ್ಟದೆ, ಬರೆಹವನ್ನು 90,000ನೆಯ ಖಾಲಿ ಮನೆಗೆ ಕಳುಹಿಸಿ, “5,000ವನ್ನು ಕೇಳಿದರೆ 90,000ವನ್ನು ತೋರಿಸು” ಎಂದು ತನ್ನ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಾನೆ. ಓದುವಾಗ ಆ ಪುಸ್ತಕವನ್ನು ನೋಡಿಯೇ ಉತ್ತರ ಕೊಡುತ್ತಾನೆ. ವಿಂಡೋಸಿಗೆ ಇದೊಂದೂ ತಿಳಿಯದು. ಯಂತ್ರವನ್ನು ಪುನರಾರಂಭಿಸಿದಾಗ ಪುಸ್ತಕವು ಖಾಲಿಯಾಗುತ್ತದೆ. 5,000ನೆಯ ಮನೆಯಲ್ಲಿ ಮೊದಲಿದ್ದುದೇ ಹೊರಬರುತ್ತದೆ. ಹೀಗಾಗಿ ಮರೆಯುವುದಕ್ಕೆ ಹೊತ್ತೇ ಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಪುಸ್ತಕ ಹೋಯಿತೆಂದರೆ 90,000ನೆಯ ಮನೆಯಲ್ಲಿದ್ದ ಬರೆಹವು ಅಳಿಸಿಹೋಯಿತೆಂದಲ್ಲ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಅದು ಅಲ್ಲಿಯೇ ಬಿದ್ದಿರಬಹುದು. ಅಲ್ಲದೆ, ಒಬ್ಬರು ಎದ್ದು ಮತ್ತೊಬ್ಬರು ಕೂರುವ ನಡುವೆ ಪುನರಾರಂಭಿಸದಿದ್ದರೆ ಯಾವುದೂ ಮರೆತುಹೋಗಿರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನೋ ಬ್ಯಾಂಕಿನ ವಿವರವನ್ನೋ ತುಂಬಿದವರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಮುಖ್ಯ ತೊಡಕಿಗೆ ಬರೋಣ. ದ್ವಾರಪಾಲಕನಿಗೆ ವಿವೇಚನೆಯಿಲ್ಲ. ವೈರಸ್ ಬರೆದುದನ್ನು ಮರೆಯುವಂತೆಯೇ ವೈರಸ್ಸಿಗೆ ಬಂದ ಮದ್ದನ್ನೂ ಅವನು ಮರೆಯುತ್ತಾನೆ. ವಿಂಡೋಸಿನ ದೋಷಗಳನ್ನು ಮುಚ್ಚುವ ತೇಪೆಗಳು ಆಗಾಗ ಬಿಡುಗಡೆಯಾಗುತ್ತವೆ. ಹೆಪ್ಪುಗಟ್ಟಿಸಿದ ಯಂತ್ರವು ಬೆಳಿಗ್ಗೆ ತೇಪೆಯನ್ನು ಇಳಿಸಿಕೊಂಡು, ಅದನ್ನು ಹಾಕಿಕೊಳ್ಳಲು ತನ್ನನ್ನು ಪುನರಾರಂಭಿಸಬೇಕೆಂದು ಕೇಳುತ್ತದೆ. ಪುನರಾರಂಭಿಸಿದರೆ ತೇಪೆಯೂ ಇಲ್ಲ, ಅದನ್ನು ಇಳಿಸಿಕೊಂಡ ನೆನಪೂ ಇಲ್ಲ. ಮತ್ತೆ ಇಳಿಸಿಕೊಳ್ಳಲು ತೊಡಗುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ತೇಪೆಯು 1 ಗಿಗಾಬೈಟ್ ಇದ್ದು, ಯಂತ್ರಗಳು 30 ಇದ್ದರೆ ಒಟ್ಟು 30 ಗಿಗಾಬೈಟ್, ಅಂದರೆ 240 ಗಿಗಾಬಿಟ್. ಕಾಲೇಜಿನ ಅಂತರಜಾಲದ ವೇಗವು ಸೆಕೆಂಡಿಗೆ 50 ಮೆಗಾಬಿಟ್ ಆದರೆ ಇದಕ್ಕೆ 4,800 ಸೆಕೆಂಡುಗಳು, ಎಂದರೆ 80 ನಿಮಿಷಗಳು ಹಿಡಿಯುತ್ತವೆ. ಅಷ್ಟು ಹೊತ್ತು ಬೇರೆ ಯಾವ ಕೆಲಸವೂ ಸಾಗದು. ಮರುದಿನವೂ ಇದೇ ಪಾಡು.

ತೇಪೆಯಿಲ್ಲದಿದ್ದರೇನಂತೆ, ರೋಗ ಬಂದರೂ ಪುನರಾರಂಭಿಸಿದರೆ ಹೋಗುವುದಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದವು ನಿಲ್ಲುವುದಿಲ್ಲ. ‘ವಾನಾಕ್ರೈ’ ಎಂಬ ಪಿಡುಗು 2017ರ ಮೇ 12ರಂದು ಹರಡತೊಡಗಿತು. ಕಡತಗಳನ್ನು ಗೂಢಲಿಪಿಗೆ ಮಾರ್ಪಡಿಸಿ, ಬಿಡಿಸಿಕೊಡಲು ಹಣ ಕೇಳುವುದು ಅದರ ಕಸುಬು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ ತೇಪೆಯನ್ನು ಹೊರಡಿಸಿದ್ದಿತು. ಇಂತಹ ಪಿಡುಗು ಹರಡಲು ಯಾರೂ ಏನನ್ನೂ ತೆರೆಯಬೇಕಾಗಿಲ್ಲ. ಜಾಲದಲ್ಲಿ ಸೋಂಕು ತಗಲಿದ ಒಂದು ಯಂತ್ರವಿದ್ದರೆ ಸಾಕು. ತೇಪೆಯಿಲ್ಲದ ಹೆಪ್ಪುಗಟ್ಟಿದ ಯಂತ್ರವನ್ನು ಪುನರಾರಂಭಿಸಿದರೆ ಸೋಂಕು ಹೋಗುವುದು ನಿಜ. ಆದರೆ ಬಿರುಕು ಹಾಗೆಯೇ ಇರುವುದರಿಂದ ಪಕ್ಕದ ಯಂತ್ರದಿಂದ ಅದು ಮರಳಿ ಬರುತ್ತದೆ. ಈ ನಡುವೆ, ಕಡತಗಳನ್ನು ಉಳಿಸಿಕೊಳ್ಳಲೆಂದು ಹೆಪ್ಪುಗಟ್ಟಿಸದೆ ಬಿಟ್ಟ ‘ಡಿ’ ಡ್ರೈವಿನಲ್ಲಿ ಇದ್ದುದೆಲ್ಲ ಹಾಳಾಗುತ್ತದೆ. ಪೂರ್ವಸ್ಥಿತಿಯೇ ದುರ್ಬಲವಾಗಿದ್ದರೆ ಪೂರ್ವಸ್ಥಿತಿಗೆ ಮರಳುವುದರಿಂದ ಬಂದ ಭಾಗ್ಯವೇನು?

ಇನ್ನೊಂದು ತೊಡಕು ಇದಕ್ಕಿಂತಲೂ ಸ್ವಾರಸ್ಯವಾಗಿದೆ. ದೊಡ್ಡ ಸಂಸ್ಥೆಗಳಲ್ಲಿ ಯಂತ್ರಗಳೆಲ್ಲ ಒಂದು ಕೇಂದ್ರ ಸರ್ವರಿಗೆ ಅಧೀನವಾಗಿರುತ್ತವೆ. ಅಲ್ಲಿ ಬಳಸುವವರಿಗೆ ಮಾತ್ರವಲ್ಲ, ಪ್ರತಿಯೊಂದು ಯಂತ್ರಕ್ಕೂ ಒಂದು ಗುಪ್ತಪದವುಂಟು. ವಿಂಡೋಸಿನ ಪದ್ಧತಿಯಂತೆ ಯಂತ್ರವು 30 ದಿನಗಳಿಗೊಮ್ಮೆ ಅದನ್ನು ತಾನೇ ಬದಲಾಯಿಸಿ ಸರ್ವರಿಗೆ ತಿಳಿಸುತ್ತದೆ. ಹೆಪ್ಪುಗಟ್ಟಿದ ಯಂತ್ರವೂ ಹಾಗೆಯೇ ಮಾಡಿ, ಪುನರಾರಂಭವಾದೊಡನೆ ಹೊಸ ಗುಪ್ತಪದವನ್ನು ಮರೆತು ಹಳೆಯದನ್ನೇ ಹೇಳುತ್ತದೆ. ಸರ್ವರು ಅದನ್ನು ಒಪ್ಪುವುದಿಲ್ಲ. ಯಂತ್ರದಲ್ಲಿ ಎಲ್ಲವೂ ಸರಿಯಾಗಿದ್ದರೂ ಯಾರಿಗೂ ಒಳಕ್ಕೆ ಪ್ರವೇಶವಿಲ್ಲ!

ಹಾಗಾದರೆ ಕಲಿಸುವ ಬಗೆ ಹೇಗೆ? ಹೆಪ್ಪನ್ನು ಕರಗಿಸಬೇಕು, ಎಂದರೆ ದ್ವಾರಪಾಲಕನನ್ನು ಸ್ವಲ್ಪ ಹೊತ್ತು ಬದಿಗೆ ನಿಲ್ಲಿಸಬೇಕು. ಇದರಲ್ಲಿ ಕ್ರಮವೇ ಮುಖ್ಯ. ಮೊದಲು ಒಮ್ಮೆ ಪುನರಾರಂಭಿಸಿ ಅಂದಿನ ಕೊಳೆಯೆಲ್ಲವನ್ನೂ ಕಳೆಯಬೇಕು. ಇಲ್ಲವಾದರೆ ಕೆಲವು ತಂತ್ರಾಂಶಗಳಲ್ಲಿ ಅದೂ ಹೊಸ ಪೂರ್ವಸ್ಥಿತಿಯೊಳಗೆ ಸೇರಿಹೋಗುವ ಸಂಭವವಿದೆ. ಆಮೇಲೆ ಕರಗಿದ ಸ್ಥಿತಿಯಲ್ಲಿ ಯಂತ್ರವನ್ನು ಆರಂಭಿಸಿ, ತೇಪೆಗಳನ್ನು ಹಾಕಿ, ಅವು ಕೇಳಿದಷ್ಟು ಸಲ ಪುನರಾರಂಭಿಸಿ, ಎಲ್ಲವೂ ನೆಟ್ಟಗಿದೆಯೆಂದು ಕಂಡ ಮೇಲೆಯೇ ಹೆಪ್ಪುಗಟ್ಟಿಸತಕ್ಕದ್ದು. ಕರಗಿರುವಾಗ ಹೊರಗಿನವರು ಯಾರೂ ಯಂತ್ರವನ್ನು ಮುಟ್ಟಬಾರದು. ಮೊಸರಿನ ಹೆಪ್ಪು ಕೆಟ್ಟರೆ ಅದರಿಂದ ಮಾಡಿದ ಮೊಸರೆಲ್ಲ ಕೆಡುವಂತೆ, ಆ ಒಂದು ಗಂಟೆಯಲ್ಲಿ ಒಳಸೇರಿದ ವೈರಸ್ಸು ಪ್ರತಿದಿನವೂ ಯಂತ್ರದೊಡನೆ ಏಳುತ್ತದೆ. ದ್ವಾರಪಾಲಕನು ಇನ್ನು ಅದನ್ನೇ ಕಾಪಾಡುತ್ತಾನೆ. ಸ್ಟೆಡಿಸ್ಟೇಟಿನಲ್ಲಿ ಈ ಕ್ರಮವನ್ನು ನಿಗದಿಯಾದ ಹೊತ್ತಿಗೆ ತಾನಾಗಿ ನಡೆಸುವ ಏರ್ಪಾಟಿದ್ದಿತು. ಇಂದು ವಿಂಡೋಸಿನ ಕೆಲವು ಆವೃತ್ತಿಗಳೊಳಗೇ ಇರುವ ‘ಯೂನಿಫೈಡ್ ರೈಟ್ ಫಿಲ್ಟರ್’ ಎಂಬುದಕ್ಕೂ ಇಂತಹ ಪ್ರತ್ಯೇಕ ಸ್ಥಿತಿಯುಂಟು.

ವಿಂಡೋಸಿನ ತೇಪೆಗಿಂತ ಕಷ್ಟವಾದುದು ದ್ವಾರಪಾಲಕನನ್ನೇ ಬದಲಾಯಿಸುವುದು. ಅವನು ಕೆಲಸದಲ್ಲಿರುವಾಗ ಅವನ ಹೊಸ ಆವೃತ್ತಿಯನ್ನು ಡಿಸ್ಕಿಗೆ ಬರೆಯಹೋದರೆ, ಆ ಬರೆಹವನ್ನೂ ಅವನು ಖಾಲಿ ಮನೆಗೆ ಕಳುಹಿಸಿ, ಪುನರಾರಂಭದೊಡನೆ ಮರೆಯುತ್ತಾನೆ! ಮೊದಲು ಅವನನ್ನು ನಿಲ್ಲಿಸಿಯೇ ಬದಲಾಯಿಸಬೇಕು. ಅವನ ಸ್ಥಾನವಾದರೋ ಕರ್ನಲ್ ಎಂಬ ಒಳಗರ್ಭದಲ್ಲಿದೆ. ಅಲ್ಲಿಯ ತಪ್ಪು ಎಂತಹುದೆಂಬುದನ್ನು 2024ರ ಜುಲೈ 19ರಂದು ಜಗತ್ತು ಕಂಡಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶವು ಪೂರ್ವಸ್ಥಿತಿಯ ತಂತ್ರಾಂಶವಲ್ಲದಿದ್ದರೂ ಅದೇ ಒಳಗರ್ಭದಲ್ಲಿ ಇರುವಂತಹುದು. ಅದಕ್ಕೆ ಬಂದ ಒಂದು ಸದೋಷ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟು ನಿಂತುವು. ಅನೇಕ ಕಡೆ ಒಂದೊಂದರ ಮುಂದೆಯೂ ಕುಳಿತು ಆ ಕಡತವನ್ನು ಕೈಯಾರೆ ತೆಗೆಯಬೇಕಾಯಿತು. ಹಳೆಯ ದ್ವಾರಪಾಲಕನು ಹೊಸ ಕರ್ನಲ್ಲಿಗೆ ಹೊಂದದಿದ್ದರೂ ಯಂತ್ರವು ಏಳದಿರಬಹುದು. ಆದುದರಿಂದ ದ್ವಾರಪಾಲಕನನ್ನು ಮೊದಲು ಒಂದೇ ಯಂತ್ರದಲ್ಲಿ ಬದಲಾಯಿಸಿ, ಕೆಲವು ದಿನ ನೋಡಿ, ಅನಂತರ ಉಳಿದವುಗಳಿಗೆ ಕೈಹಾಕುವುದೇ ಸರಿಯಾದ ಮಾರ್ಗ.

ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಬಿಡುಗಡೆ ಮಾಡುತ್ತ ಬಂದಿದೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಯಂತ್ರಗಳು ರಾತ್ರಿ ತಾವೇ ಎದ್ದು ತೇಪೆ ಹಾಕಿಕೊಂಡು ಮಲಗುವುದು ತಂತ್ರಾಂಶ ಮಾರುವವರು ತೋರಿಸುವ ಆದರ್ಶ. ನಮ್ಮ ಪ್ರಯೋಗಶಾಲೆಗಳಲ್ಲಿ ಸಂಜೆ ಬಾಗಿಲು ಹಾಕುವಾಗ ಮುಖ್ಯ ಸ್ವಿಚ್ಚನ್ನೇ ಆರಿಸಿಬಿಡುವುದು ವಾಡಿಕೆ. ವಿದ್ಯುತ್ತೇ ಇಲ್ಲದ ಮೇಲೆ ಏಳುವುದೆಂತು? ಆ ವಾರದ ಒಂದು ಮಧ್ಯಾಹ್ನವನ್ನು ಇದಕ್ಕೆಂದೇ ಮೀಸಲಿಡುವುದು ಮೇಲೆಂದು ನನ್ನ ಅಭಿಪ್ರಾಯ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಏರುವಾಗ ಯಂತ್ರವು ಹಲವು ಸಲ ಪುನರಾರಂಭವಾಗುವುದರಿಂದ, ಆ ಕೆಲಸ ಪೂರ್ತಿ ಮುಗಿಯುವವರೆಗೆ ದ್ವಾರಪಾಲಕನನ್ನು ದೂರವಿಡಬೇಕಾಗುತ್ತದೆ. ಹಳೆಯ ಯಂತ್ರಗಳಲ್ಲಿ ಅನೇಕವು ಹಾಗೆ ಏರಲು ಅರ್ಹವೇ ಅಲ್ಲ. ವಿಶೇಷ ಏರ್ಪಾಟು ಮಾಡಿಕೊಂಡವರ ಹೊರತು ಇತರರಿಗೆ ಇನ್ನು ತೇಪೆಗಳು ಬರುವುದಿಲ್ಲ. ಅಂತಹ ಯಂತ್ರವನ್ನು ಹೆಪ್ಪುಗಟ್ಟಿಸಿ ಅಂತರಜಾಲಕ್ಕೆ ಬಿಡುವುದಕ್ಕಿಂತ, ಜಾಲದ ತಂತಿಯನ್ನು ಕಿತ್ತು, ಪ್ರೋಗ್ರಾಮಿಂಗ್ ಅಭ್ಯಾಸಕ್ಕೂ ಪ್ರಯೋಗದ ನಕ್ಷೆಗಳನ್ನು ಬರೆಯುವುದಕ್ಕೂ ಇಟ್ಟುಕೊಳ್ಳಬಹುದು. ಆ ಕೆಲಸಕ್ಕೆ ಅದು ಇನ್ನೂ ಕೆಲವು ವರ್ಷ ಬಾಳುತ್ತದೆ.